ಕಿವಿಗೆ ಸರಿ, ಪರೀಕ್ಷೆಗೆ ತಪ್ಪು: ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ಕನ್ನಡಿಗರು ಎಡವುವುದೆಲ್ಲಿ?

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.' ಬೆಂಗಳೂರಿನ ಕಚೇರಿಯೊಂದರಲ್ಲಾಗಲಿ, ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಾಗಲಿ ಈ ವಾಕ್ಯ ಕಿವಿಗೆ ಬಿದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಹೇಳಿದವರಿಗೂ ಕೇಳಿದವರಿಗೂ ಅರ್ಥದಲ್ಲಿ ಕಿಂಚಿತ್ತೂ ಗೊಂದಲವಿಲ್ಲ. ಆದರೆ ಇದೇ ವಾಕ್ಯ ನೇಮಕಾತಿ ಪರೀಕ್ಷೆಯ ಗಣಕ ಪರದೆಯ ಮೇಲೆ ಮೂಡಿ, ಕೆಳಗೆ ನಾಲ್ಕು ಬದಲಿ ರೂಪಗಳನ್ನು ಕೊಟ್ಟು ಸರಿಯಾದುದನ್ನು ಆರಿಸಿ ಎಂದಾಗ ಕಥೆಯೇ ಬೇರೆ. ಒಂಬತ್ತು ಪದಗಳಿಲ್ಲದ ಈ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡಕ್ಕೂ ಬೇರು ಇಂಗ್ಲಿಷಿನಲ್ಲಿಲ್ಲ, ಕನ್ನಡದಲ್ಲಿದೆ.

ವಾಕ್ಯ ತಿದ್ದುವ ಪ್ರಶ್ನೆಗಳು ನೋಡಲು ಸಣ್ಣವು. ಅವುಗಳ ಮೇಲೆ ನಿಂತಿರುವುದು ಸಣ್ಣದಲ್ಲ. ಸಾರ್ವಜನಿಕ ವಲಯದ ಬ್ಯಾಂಕುಗಳಿಗಾಗಿ ಐಬಿಪಿಎಸ್ ನಡೆಸುವ ಪ್ರೊಬೇಷನರಿ ಅಧಿಕಾರಿ ಹಾಗೂ ಗುಮಾಸ್ತ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆಗಳಿದ್ದು, ಅವುಗಳಿಗೆ 20 ನಿಮಿಷ ಮೀಸಲು. ಅಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್ಲಕ್ಕಿಂತ ಮುಖ್ಯವಾದುದು, ಮೂರೂ ವಿಭಾಗಗಳಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಗಳಿಸಲೇಬೇಕು. ತಾರ್ಕಿಕ ಪ್ರಶ್ನೆಗಳಲ್ಲಿ, ಲೆಕ್ಕದಲ್ಲಿ ಎಷ್ಟೇ ಮೇಲೇರಿದ್ದರೂ ಇಂಗ್ಲಿಷಿನ ಗೆರೆ ದಾಟದವರು ಹೊರಗುಳಿಯುತ್ತಾರೆ. ಗುಮಾಸ್ತ ಹುದ್ದೆಗಳ ಪರೀಕ್ಷೆಯನ್ನು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2021ರ ಸೆಪ್ಟೆಂಬರ್ ಕೊನೆಯಲ್ಲಿ ಹೊರಬಿತ್ತು. ಉಳಿದ ಪ್ರಶ್ನೆಗಳಿಗೆ ಇದರಿಂದ ದೊಡ್ಡ ನೆರವಾಯಿತೆಂಬುದು ನಿಜ; ಆದರೆ ಇಂಗ್ಲಿಷ್ ಭಾಗ ಇಂಗ್ಲಿಷಾಗಿಯೇ ಉಳಿದಿದೆ. ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಪರೀಕ್ಷೆಯ ಮೊದಲ ಹಂತದಲ್ಲಿ ನೂರು ಪ್ರಶ್ನೆಗಳ ಪೈಕಿ 25 ಇಂಗ್ಲಿಷಿನವು. ನಮ್ಮ ಲೋಕಸೇವಾ ಆಯೋಗದ ಗ್ರೂಪ್ 'ಸಿ' ಹುದ್ದೆಗಳ ಪತ್ರಿಕೆಯಲ್ಲೂ ಸಾಮಾನ್ಯ ಇಂಗ್ಲಿಷ್ ಇದೆ. ವ್ಯವಹಾರಾಡಳಿತ ಶಿಕ್ಷಣಕ್ಕೆ ವಿದೇಶಕ್ಕೆ ಹೊರಡುವವರ ನಿದ್ದೆಗೆಡಿಸಿದ್ದ ಜಿಮ್ಯಾಟ್ ಪರೀಕ್ಷೆ ಮಾತ್ರ ಈ ಬಗೆಯ ಪ್ರಶ್ನೆಯನ್ನೇ ಕೈಬಿಟ್ಟಿದೆ. 2023ರ ನವೆಂಬರಿನಲ್ಲಿ ಬಂದ ಅದರ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳಿಲ್ಲ. ನಮ್ಮಲ್ಲಿ ಅಂಥ ಲಕ್ಷಣಗಳು ಕಾಣುತ್ತಿಲ್ಲ.

ಕೋಚಿಂಗ್ ತರಗತಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆಯೊಂದಿದೆ: ವಾಕ್ಯವನ್ನು ಮನಸ್ಸಿನಲ್ಲೇ ಓದಿಕೊಳ್ಳಿ, ಯಾವುದು ಸರಿಯೆನಿಸುತ್ತದೆಯೋ ಅದನ್ನು ಗುರುತು ಮಾಡಿ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವರಿಗೆ ಈ ಸಲಹೆ ಸಾಕಾಗಬಹುದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ನೇರ ಹಳ್ಳಕ್ಕೆ ದಾರಿ. ಅವರ ಕಿವಿ ಪಳಗಿರುವುದು ಕನ್ನಡದ ಕ್ರಮಕ್ಕೆ, ಮತ್ತು ಆ ಕ್ರಮವನ್ನೇ ಇಂಗ್ಲಿಷ್ ಪದಗಳಿಂದ ಹೊಲಿದ ನಮ್ಮ ನಿತ್ಯದ ಮಾತಿಗೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಬಲೆ ಬೀಸುವುದು ಅಲ್ಲಿಯೇ. ಹಾಗೆಂದು ಕನ್ನಡವನ್ನು ಬಾಗಿಲಾಚೆ ಬಿಟ್ಟು ಬರಬೇಕೆಂದೇನೂ ಅಲ್ಲ. ಕೆಲವೆಡೆ ದಾರಿ ತಪ್ಪಿಸುವ ಕನ್ನಡವೇ ಇನ್ನು ಕೆಲವೆಡೆ ಯಾವ ಮಾರ್ಗದರ್ಶಿ ಪುಸ್ತಕಕ್ಕಿಂತಲೂ ಚೆನ್ನಾಗಿ ಕೈಹಿಡಿದು ನಡೆಸುತ್ತದೆ. ಎಲ್ಲಿ ಯಾವುದು ಎಂಬುದನ್ನು ಅರಿಯುವುದೇ ಇಲ್ಲಿನ ಕೆಲಸ.

ಒಂದು 'ಇಂದ', ಎರಡು ತಪ್ಪು

ಮೊದಲ ವಾಕ್ಯಕ್ಕೆ ಮರಳೋಣ. 'ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎನ್ನುತ್ತೇವೆ. '2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂದೂ ಎನ್ನುತ್ತೇವೆ. ಮೊದಲನೆಯದು ಅವಧಿ, ಎರಡನೆಯದು ಆರಂಭದ ಬಿಂದು. ಕನ್ನಡಕ್ಕೆ ಎರಡಕ್ಕೂ 'ಇಂದ' ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್ ಇಲ್ಲಿ ಕವಲೊಡೆಯುತ್ತದೆ: ಅವಧಿಗೆ 'ಫಾರ್', ಆರಂಭದ ಬಿಂದುವಿಗೆ 'ಸಿನ್ಸ್'. ಹತ್ತು ವರ್ಷವೆಂಬುದು ಅಳತೆ, ಆದ್ದರಿಂದ 'ಫಾರ್'. 2015, ಸೋಮವಾರ, ಬಾಲ್ಯ ಇವೆಲ್ಲ ಬಿಂದುಗಳು, ಆದ್ದರಿಂದ 'ಸಿನ್ಸ್'. ಇದು ಮೊದಲ ತಪ್ಪು. ಎರಡನೆಯದು ಕ್ರಿಯಾಪದದ್ದು. 'ಮಾಡುತ್ತಿದ್ದೇನೆ' ಎಂಬ ರೂಪ ಈ ಕ್ಷಣದ ಕೆಲಸಕ್ಕೂ, ಹಿಂದೆಂದೋ ಆರಂಭವಾಗಿ ಇಂದಿಗೂ ನಡೆದಿರುವ ಕೆಲಸಕ್ಕೂ ಒದಗುತ್ತದೆ. ಇಂಗ್ಲಿಷಿನ 'ಆಮ್ ವರ್ಕಿಂಗ್' ಮೊದಲನೆಯದಕ್ಕೆ ಮಾತ್ರ. ಹಿಂದಿನಿಂದ ಹರಿದುಬಂದ ಕ್ರಿಯೆಗೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕು.

ಇನ್ನು ಆಯ್ಕೆಗಳನ್ನು ಹೇಗೆ ಹೆಣೆಯುತ್ತಾರೆಂಬುದನ್ನು ಗಮನಿಸಿ. ಒಂದು ಆಯ್ಕೆ 'ಆಮ್ ವರ್ಕಿಂಗ್ ಹಿಯರ್ ಫಾರ್' ಎಂದಿರುತ್ತದೆ. ಮತ್ತೊಂದು 'ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್'. ಮೂರನೆಯದು 'ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್'. ನಾಲ್ಕನೆಯದು 'ವಾಸ್ ವರ್ಕಿಂಗ್ ಹಿಯರ್ ಸಿನ್ಸ್'. ಮೊದಲೆರಡೂ ಒಂದೊಂದು ತಪ್ಪನ್ನು ಮಾತ್ರ ಸರಿಪಡಿಸಿವೆ. ತಾನು ಕಂಡ ತಪ್ಪು ಮಾಯವಾದೊಡನೆ ಅಭ್ಯರ್ಥಿ ಸಮಾಧಾನಗೊಂಡು ಅಲ್ಲೇ ಗುರುತು ಹಾಕುತ್ತಾನೆ. ಎರಡು ತಪ್ಪುಗಳಿರುವ ವಾಕ್ಯದಲ್ಲಿ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ತಿಳಿಯದ್ದರಿಂದಲ್ಲ, ಬೇಗ ನಿಂತದ್ದರಿಂದ. ಒಂದು ದೋಷ ಸಿಕ್ಕ ಮೇಲೂ ಉಳಿದ ಆಯ್ಕೆಗಳಲ್ಲಿ ಪರಸ್ಪರ ಬೇರೆಯಾದ ಪದ ಯಾವುದೆಂದು ನೋಡಬೇಕು. ಆ ವ್ಯತ್ಯಾಸವೇ ನಿಜವಾದ ಪ್ರಶ್ನೆ.

ಕಾಲದ ಮತ್ತೊಂದು ತೊಡಕು 'ನಿನ್ನೆ'ಯದು. 'ನಿನ್ನೆಯೇ ಅವರಿಗೆ ಪತ್ರ ಬರೆದಿದ್ದೇನೆ' ಎಂಬುದು ಒಳ್ಳೆಯ ಕನ್ನಡ. ಅದನ್ನೇ 'ಐ ಹ್ಯಾವ್ ರಿಟನ್ ಟು ಹಿಮ್ ಯೆಸ್ಟರ್‌ಡೇ' ಎಂದರೆ ಪರೀಕ್ಷಕರು ಒಪ್ಪುವುದಿಲ್ಲ. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ವಾಕ್ಯದಲ್ಲಿ 'ಹ್ಯಾವ್' ನಿಲ್ಲದು. ಸರಳ ಭೂತಕಾಲದ 'ಐ ರೋಟ್' ಬರಬೇಕು. ವಾಕ್ಯದ ತುದಿಯಲ್ಲಿ ಅಡಗಿರುವ ಕಾಲಸೂಚಕ ಪದವನ್ನು ಮೊದಲು ಹುಡುಕಿ, ಆಮೇಲೆ ಕ್ರಿಯಾಪದದ ಕಡೆಗೆ ಹೋಗುವುದು ಲೇಸು.

ಕನ್ನಡ ನಮ್ಮನ್ನು ನಿರ್ದಾಕ್ಷಿಣ್ಯವಾಗಿ ಕೈಬಿಡುವ ಮತ್ತೊಂದು ಜಾಗ 'ಎಂದು'. 'ಎಲ್ಲಿಗೆ ಹೋಗುತ್ತಿದ್ದೀಯೆ ಎಂದು ಅವನು ಕೇಳಿದ' ಎನ್ನುವಾಗ ಅವನ ಬಾಯಿಂದ ಬಂದ ಮಾತನ್ನು ಹಾಗೆಯೇ ಎತ್ತಿ ಇಟ್ಟು, ಕೊನೆಗೆ 'ಎಂದು' ಎಂಬ ಗಂಟು ಹಾಕುತ್ತೇವೆ. ಇಂಗ್ಲಿಷಿನಲ್ಲಿ ಆ ಗಂಟಿಲ್ಲ. ಹೀಗಾಗಿ 'ಹಿ ಆಸ್ಕ್‌ಡ್ ಮಿ ವೇರ್ ಆರ್ ಯು ಗೋಯಿಂಗ್' ಎಂಬುದು ನಮ್ಮ ಕಿವಿಗೆ ಹಿತವಾದರೂ ತಪ್ಪು. ಉದ್ಧರಣ ಚಿಹ್ನೆಯಿಲ್ಲದೆ ಹೇಳಿದೊಡನೆ ಮೂರು ಬದಲಾವಣೆಗಳು ಒಟ್ಟಿಗೇ ಆಗಬೇಕು: 'ಯು' ಹೋಗಿ 'ಐ' ಬರಬೇಕು, ವರ್ತಮಾನ ಭೂತವಾಗಬೇಕು, ಪ್ರಶ್ನೆಯ ಪದಕ್ರಮ ಸಾಮಾನ್ಯ ವಾಕ್ಯದ ಕ್ರಮಕ್ಕೆ ಇಳಿಯಬೇಕು. 'ಹಿ ಆಸ್ಕ್‌ಡ್ ಮಿ ವೇರ್ ಐ ವಾಸ್ ಗೋಯಿಂಗ್.' ಇಲ್ಲಿಯೂ ತಂತ್ರ ಹಳೆಯದೇ. 'ವೇರ್ ವಾಸ್ ಐ ಗೋಯಿಂಗ್' ಎಂಬ ಆಯ್ಕೆ ಮೂರರಲ್ಲಿ ಎರಡನ್ನು ಸರಿಮಾಡಿ, ಮೂರನೆಯದನ್ನು ಬಿಟ್ಟು ಕಾದಿರುತ್ತದೆ.

'ಫರ್ನಿಚರ್ಸ್', 'ಇನ್ಫರ್ಮೇಷನ್ಸ್', 'ಲಗೇಜಸ್' ಇವು ಪೀಠೋಪಕರಣಗಳು, ಮಾಹಿತಿಗಳು, ಸಾಮಾನುಗಳು ಎಂಬ ನಮ್ಮ ಬಹುವಚನಗಳ ನೆರಳು. ಪಟ್ಟಿ ಚಿಕ್ಕದು, ಕಂಠಪಾಠ ಮಾಡಿಬಿಟ್ಟರೆ ಮುಗಿಯಿತು.

ವಿಭಕ್ತಿ ಎಂಬ ದೀಪ

ಈಗ ಕನ್ನಡ ಕೈಹಿಡಿಯುವ ಕಡೆಗೆ ಬರೋಣ. ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ಪದೇ ಪದೇ ಬರುವುದು ಕರ್ತೃ ಮತ್ತು ಕ್ರಿಯಾಪದಗಳ ಹೊಂದಾಣಿಕೆ. 'ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ವರ್ ಗುಡ್' ಎಂಬ ವಾಕ್ಯದಲ್ಲಿ ಕ್ರಿಯಾಪದದ ಪಕ್ಕದಲ್ಲೇ 'ಮ್ಯಾಂಗೋಸ್' ಎಂಬ ಬಹುವಚನ ಕುಳಿತಿದೆ. ಇಂಗ್ಲಿಷ್ ನಾಮಪದಗಳಿಗೆ ನಮ್ಮಂತೆ ವಿಭಕ್ತಿ ಪ್ರತ್ಯಯಗಳಿಲ್ಲದ ಕಾರಣ ಹತ್ತಿರದ ಪದವೇ ಕರ್ತೃವಿನ ವೇಷ ತೊಟ್ಟು ವಂಚಿಸುತ್ತದೆ. ಅದನ್ನು ಒಮ್ಮೆ ಕನ್ನಡಕ್ಕೆ ತನ್ನಿ: 'ಮಾವಿನಹಣ್ಣುಗಳ ಗುಣಮಟ್ಟವು ಚೆನ್ನಾಗಿತ್ತು.' ಹಣ್ಣುಗಳಿಗೆ ಷಷ್ಠಿ ಅಂಟಿಕೊಂಡಿತು. ಪ್ರಥಮಾ ವಿಭಕ್ತಿಯಲ್ಲಿ ಉಳಿದದ್ದು ಗುಣಮಟ್ಟವೊಂದೇ. 'ಚೆನ್ನಾಗಿದ್ದವು' ಎಂದು ಯಾವ ಕನ್ನಡಿಗನ ನಾಲಿಗೆಯೂ ಹೊರಳದು. ಕರ್ತೃ ಏಕವಚನ, ಆದ್ದರಿಂದ 'ವಾಸ್'. ಹೈಸ್ಕೂಲಿನಲ್ಲಿ ಬೇಸರದಿಂದ ಉರುಹೊಡೆದ ವಿಭಕ್ತಿಗಳು ಹೀಗೆ ಬ್ಯಾಂಕ್ ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತವೆಂದು ಅಂದು ಯಾರೂ ಹೇಳಿರಲಿಲ್ಲ.

'ದಿ ಕಿಂಗ್, ಅಲಾಂಗ್ ವಿತ್ ಹಿಸ್ ಮಿನಿಸ್ಟರ್ಸ್' ಎಂದು ಆರಂಭವಾದ ವಾಕ್ಯಕ್ಕೆ 'ಹ್ಯಾಸ್' ಬೇಕೋ 'ಹ್ಯಾವ್' ಬೇಕೋ? 'ರಾಜನು ಮಂತ್ರಿಗಳೊಡನೆ ಬಂದನು' ಎನ್ನುತ್ತೇವೆಯೇ ಹೊರತು 'ಬಂದರು' ಎನ್ನುವುದಿಲ್ಲ, ಆದ್ದರಿಂದ 'ಹ್ಯಾಸ್'. 'ರಾಜನೂ ಮಂತ್ರಿಗಳೂ' ಎಂದಾಗ ಮಾತ್ರ 'ಬಂದರು'. ಅದು ಇಂಗ್ಲಿಷಿನ 'ಅಂಡ್'ಗೆ ಸಮ. 'ಒನ್ ಆಫ್ ಮೈ ಫ್ರೆಂಡ್' ಎಂಬ ಚಿರಪರಿಚಿತ ತಪ್ಪಿಗೂ ಇದೇ ಮದ್ದು: 'ನನ್ನ ಗೆಳೆಯರಲ್ಲಿ ಒಬ್ಬ' ಎನ್ನುವಾಗ ಗೆಳೆಯರು ಬಹುವಚನ, ಬಂದವನು ಒಬ್ಬ.

ಇನ್ನೂ ಸೂಕ್ಷ್ಮವಾದ, ಇಂಗ್ಲಿಷ್ ಬಲ್ಲವರೂ ತಡವರಿಸುವ ಒಂದು ನಮೂನೆಯಿದೆ. 'ಹಿ ಈಸ್ ಒನ್ ಆಫ್ ದಿ ಆಫೀಸರ್ಸ್ ಹೂ ಹ್ಯಾಸ್ ನೆವರ್ ಟೇಕನ್ ಎ ಬ್ರೈಬ್.' ಸರಿಯೋ ತಪ್ಪೋ? 'ಒನ್' ಎಂದಿರುವುದರಿಂದ 'ಹ್ಯಾಸ್' ಸರಿಯೆಂದು ಮನಸ್ಸು ವಾದಿಸುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: 'ಎಂದೂ ಲಂಚ ಮುಟ್ಟದ ಅಧಿಕಾರಿಗಳಲ್ಲಿ ಅವನೂ ಒಬ್ಬ.' ಲಂಚ ಮುಟ್ಟದವರು ಯಾರು? ಅಧಿಕಾರಿಗಳು. ನಮ್ಮ ಭಾಷೆಯಲ್ಲಿ ವಿಶೇಷಣ ವಾಕ್ಯಖಂಡವು ತಾನು ಬಣ್ಣಿಸುವ ಪದದ ಮುಂದೆಯೇ ಬಂದು ನಿಲ್ಲುವುದರಿಂದ ಸಂಶಯಕ್ಕೆ ಎಡೆಯಿಲ್ಲ. 'ಹೂ' ಸೂಚಿಸುವುದು ಬಹುವಚನದ 'ಆಫೀಸರ್ಸ್' ಪದವನ್ನು; ಆದ್ದರಿಂದ 'ಹೂ ಹ್ಯಾವ್'. ಇದರ ಮುಂದೆ 'ದಿ ಓನ್ಲಿ' ಸೇರಿ 'ಅಧಿಕಾರಿಗಳಲ್ಲಿ ಲಂಚ ಮುಟ್ಟದವನು ಇವನೊಬ್ಬನೇ' ಎಂಬ ಅರ್ಥವಾದಾಗ ಮಾತ್ರ 'ಹ್ಯಾಸ್' ಮರಳಿ ಬರುತ್ತದೆ.

ಈ ಉಪಾಯಕ್ಕೆ ಎರಡು ಎಚ್ಚರಿಕೆಗಳು. ಕನ್ನಡದಲ್ಲಿ ಗೌರವಕ್ಕಾಗಿ ಬಹುವಚನ ಬಳಸುತ್ತೇವೆ. 'ಸಚಿವರು ಬಂದರು' ಎಂದು ಅನುವಾದಿಸಿಕೊಂಡು ಒಬ್ಬ ಸಚಿವರಿಗೆ 'ಹ್ಯಾವ್' ಕೊಟ್ಟುಬಿಡಬಾರದು. ಪರೀಕ್ಷೆ ಮುಗಿಯುವವರೆಗೆ ಎಲ್ಲರನ್ನೂ ಏಕವಚನದಲ್ಲೇ ಕರೆಯಿರಿ, ಯಾರೂ ಬೇಸರಿಸರು. ಎರಡನೆಯದು ಚತುರ್ಥಿಯದು. 'ಅವನಿಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂಬಲ್ಲಿ ಕ್ರಿಯಾಪದ ಅಣ್ಣಂದಿರ ಹಿಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದು 'ಹಿ'ಯ ಹಿಂದೆ ಹೋಗುತ್ತದೆ: 'ಹಿ ಹ್ಯಾಸ್ ಟು ಬ್ರದರ್ಸ್.' ಇರುವಿಕೆ, ತಿಳಿವು, ಬಯಕೆಗಳನ್ನು ಹೇಳುವ 'ನನಗೆ', 'ಅವನಿಗೆ'ಗಳ ವಾಕ್ಯಗಳಲ್ಲಿ ಈ ದೀಪವನ್ನು ಆರಿಸಿಡುವುದು ಕ್ಷೇಮ. 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್', 'ಐ ಆಮ್ ನೋಯಿಂಗ್ ಹಿಮ್' ಎಂಬ ಕುಖ್ಯಾತ ವಾಕ್ಯಗಳೂ ಈ ಗುಂಪಿನವೇ. ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೆ ಅಲ್ಲಿ 'ಇಂಗ್' ರೂಪ ಸಲ್ಲದು.

ಬಗ್ಗೆ, ಒಳಗೆ, ಜೊತೆ

'ದೇ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್.' ಸರ್ಕಾರಿ ಪತ್ರಗಳಲ್ಲೂ ಕಾಣಸಿಗುವ ತಪ್ಪು. 'ಬಗ್ಗೆ ಚರ್ಚಿಸಿದರು' ಎಂಬ ಆಡುನುಡಿಯಿಂದ 'ಅಬೌಟ್' ನುಸುಳಿದೆ. 'ಎಂಟರ್ಡ್ ಇಂಟು ದಿ ರೂಮ್' ಎಂಬುದು 'ಕೋಣೆಯೊಳಗೆ' ಎಂಬುದರಿಂದ, 'ಮ್ಯಾರೀಡ್ ವಿತ್' ಎಂಬುದು 'ಜೊತೆ ಮದುವೆಯಾದ' ಎಂಬುದರಿಂದ. ಆದರೆ ಇದೇ ಮಾತುಗಳನ್ನು ಸ್ವಲ್ಪ ಗ್ರಾಂಥಿಕವಾಗಿ ಹೇಳಿ: ವಿಷಯವನ್ನು ಚರ್ಚಿಸಿದರು, ಕೋಣೆಯನ್ನು ಪ್ರವೇಶಿಸಿದನು, ಅವಳನ್ನು ವರಿಸಿದನು, ಊರನ್ನು ತಲುಪಿದೆವು, ತಂದೆಯನ್ನು ಹೋಲುತ್ತಾನೆ. ಐದರಲ್ಲೂ 'ಅನ್ನು' ಬಂದಿದೆ. ಇಂಗ್ಲಿಷಿನ 'ಡಿಸ್ಕಸ್', 'ಎಂಟರ್', 'ಮ್ಯಾರಿ', 'ರೀಚ್', 'ರಿಸೆಂಬಲ್' ಐದೂ ನಡುವೆ ಯಾವ ಪದವನ್ನೂ ಸಹಿಸದೆ ನೇರವಾಗಿ ಕರ್ಮವನ್ನು ಹಿಡಿಯುತ್ತವೆ. ಇದನ್ನು ನಿಯಮವೆಂದು ಭಾವಿಸಬೇಡಿ, ನೆನಪಿಗೆ ಕೊಂಡಿಯೆಂದು ಭಾವಿಸಿ. 'ಹಾಡನ್ನು ಕೇಳಿದ' ಎನ್ನುವಲ್ಲಿಯೂ 'ಅನ್ನು' ಇದೆ, ಆದರೆ 'ಲಿಸನ್' ಪದಕ್ಕೆ 'ಟು' ಬೇಕೇಬೇಕು.

ಷರತ್ತಿನ ವಾಕ್ಯಗಳಲ್ಲಿ ಕನ್ನಡವನ್ನು ಕಣ್ಣುಮುಚ್ಚಿ ನಂಬಬಹುದು. 'ಮಳೆ ಬಂದರೆ ಪಂದ್ಯ ನಡೆಯುವುದಿಲ್ಲ.' 'ಬಂದರೆ' ಎಂಬಲ್ಲಿ ಭವಿಷ್ಯತ್ತಿನ ಸುಳಿವೇ ಇಲ್ಲ. ಅಂತೆಯೇ 'ಇಫ್ ಇಟ್ ರೇನ್ಸ್' ಎನ್ನಬೇಕು, 'ಇಫ್ ಇಟ್ ವಿಲ್ ರೇನ್' ಅಲ್ಲ. 'ಬಡವನಾದರೂ ಪ್ರಾಮಾಣಿಕ' ಎನ್ನುವವರು ಅದಕ್ಕೆ ಮತ್ತೊಂದು 'ಆದರೆ' ಸೇರಿಸುವುದಿಲ್ಲ; ಹಾಗಾಗಿ 'ಆಲ್‌ದೋ' ಇರುವ ವಾಕ್ಯದಲ್ಲಿ 'ಬಟ್' ಕಂಡೊಡನೆ ಆ ಆಯ್ಕೆಯನ್ನು ಹೊಡೆದುಹಾಕಿ. 'ರಸ್ತೆಯಲ್ಲಿ ನಡೆಯುತ್ತಾ ಹಾವು ಅವನನ್ನು ಕಚ್ಚಿತು' ಎಂದರೆ ನಡೆಯುತ್ತಿದ್ದುದು ಹಾವೇ ಎಂದು ಮಕ್ಕಳೂ ನಗುತ್ತಾರೆ. 'ವಾಕಿಂಗ್ ಅಲಾಂಗ್ ದಿ ರೋಡ್, ಎ ಸ್ನೇಕ್ ಬಿಟ್ ಹಿಮ್' ಎಂಬ ವಾಕ್ಯವನ್ನು ಮಾತ್ರ ನಗದೆ ದಾಟಿ ಹೋಗುತ್ತೇವೆ. ಅಲ್ಪವಿರಾಮದ ನಂತರ ಬರುವವನೇ ನಡೆಯುವವನಾಗಿರಬೇಕು.

ಹೋಲಿಕೆಯ ವಾಕ್ಯಗಳಲ್ಲಿ ಕನ್ನಡದ ಆಡುಮಾತು ಸಡಿಲ, ಬರಹ ಬಿಗಿ. 'ಮೈಸೂರಿನ ಹವೆ ಬೆಂಗಳೂರಿಗಿಂತ ಹಿತ' ಎಂದರೆ ಹವೆಯನ್ನು ಊರಿನೊಂದಿಗೆ ಹೋಲಿಸಿದಂತಾಯಿತು; 'ಬೆಂಗಳೂರಿನ ಹವೆಗಿಂತ' ಎಂಬುದು ಬಿಗಿಯಾದ ರೂಪ. ಪರೀಕ್ಷೆ ಕೇಳುವುದು ಈ ಬಿಗಿಯನ್ನೇ: 'ದ್ಯಾನ್ ಬ್ಯಾಂಗಲೋರ್' ಅಲ್ಲ, 'ದ್ಯಾನ್ ದಟ್ ಆಫ್ ಬ್ಯಾಂಗಲೋರ್'.

ತಿದ್ದಬೇಕಿಲ್ಲದಿದ್ದರೆ?

ಬಹುತೇಕ ಪತ್ರಿಕೆಗಳಲ್ಲಿ 'ನೋ ಇಂಪ್ರೂವ್‌ಮೆಂಟ್' ಅಥವಾ 'ನೋ ಕರೆಕ್ಷನ್ ರಿಕ್ವೈರ್ಡ್' ಎಂಬ ಆಯ್ಕೆಯೂ ಇರುತ್ತದೆ. ತಪ್ಪು ಹುಡುಕಲೆಂದೇ ಕುಳಿತವರಿಗೆ ತಪ್ಪಿಲ್ಲವೆಂದು ಒಪ್ಪುವುದು ಕಷ್ಟ. ಅಂಥವರು ನೆಟ್ಟಗಿರುವ ವಾಕ್ಯವನ್ನು ಕೆಡಿಸಿ ಅಂಕ ಕಳೆದುಕೊಳ್ಳುತ್ತಾರೆ. ಕರ್ತೃ, ಕಾಲ, ಜೋಡಿಸುವ ಪದ, ಹೋಲಿಕೆ ಇಷ್ಟನ್ನೂ ನೋಡಿದ ಮೇಲೆ ಹೆಸರಿಟ್ಟು ಹೇಳಬಲ್ಲ ದೋಷ ಸಿಗದಿದ್ದರೆ ಈ ಆಯ್ಕೆಯನ್ನು ಧೈರ್ಯವಾಗಿ ಗುರುತಿಸಬಹುದು. 'ಏಕೋ ಸರಿಯಿಲ್ಲ ಅನಿಸುತ್ತದೆ' ಎಂಬುದು ದೋಷದ ಹೆಸರಲ್ಲ.

ಊಹೆಯ ಲೆಕ್ಕವೂ ತಿಳಿದಿರಲಿ. ಐದು ಆಯ್ಕೆಗಳಿದ್ದು ತಪ್ಪಿಗೆ ಕಾಲು ಅಂಕ ಕಡಿತವಿದ್ದರೆ ಕುರುಡು ಊಹೆಯಿಂದ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ: ಐದರಲ್ಲಿ ಒಮ್ಮೆ ಗಳಿಸಿದ ಒಂದು ಅಂಕ ನಾಲ್ಕು ಕಾಲುಗಳಲ್ಲಿ ಕರಗುತ್ತದೆ. ಎರಡು ಆಯ್ಕೆಗಳನ್ನು ಕಾರಣಸಹಿತ ತಳ್ಳಿಹಾಕಿ ಉಳಿದ ಮೂರರಲ್ಲಿ ಊಹಿಸಿದರೆ ಪ್ರತಿ ಪ್ರಶ್ನೆಗೆ ಸರಾಸರಿ ಆರನೇ ಒಂದಂಶ ಅಂಕ ಕೈಗೆ ಬರುತ್ತದೆ. ಸಣ್ಣ ಮೊತ್ತವೇ ಸರಿ. ಆದರೆ ಕನಿಷ್ಠ ಅಂಕದ ಗೆರೆಯ ಬಳಿ ಅರ್ಧ ಅಂಕವೂ ಸಣ್ಣದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಈ ಪ್ರಶ್ನೆಗಳು ಅಳೆಯುವುದು ನಿರ್ದಿಷ್ಟ ಬಗೆಯ ಇಂಗ್ಲಿಷನ್ನು. ಅದರ ಅಳತೆಗೋಲು ಬಹುಮಟ್ಟಿಗೆ 1930ರ ದಶಕದಲ್ಲಿ ಬಂದು ಇಂದಿಗೂ ಅಂಗಡಿಗಳಲ್ಲಿ ರಾಶಿಬಿದ್ದಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕದ್ದು. ಆ ರೆನ್ ಮಹಾಶಯರು 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯನ್ನೂ ಬರೆದವರೆಂಬುದು ಅನೇಕರಿಗೆ ತಿಳಿಯದು. ಆ ಅಳತೆಯಲ್ಲಿ 'ಕಸಿನ್ ಬ್ರದರ್' ತಪ್ಪು, ಬರೀ 'ಕಸಿನ್' ಸರಿ. ಚಿಕ್ಕಪ್ಪನ ಮಗ, ಸೋದರಮಾವನ ಮಗಳು ಎಂದು ಒಬ್ಬೊಬ್ಬರನ್ನೂ ಬೇರೆಯಾಗಿ ಗುರುತಿಸುವ ನಮಗೆ ಗಂಡೋ ಹೆಣ್ಣೋ ಎಂಬುದನ್ನೂ ಹೇಳದ 'ಕಸಿನ್' ತೀರಾ ಬಡವಾಗಿ ಕಂಡರೆ ಆಶ್ಚರ್ಯವಿಲ್ಲ. 'ಟುಡೇ ಮಾರ್ನಿಂಗ್' ಕೂಡ ಹಾಗೆಯೇ. 'ಇಂದು ಬೆಳಗ್ಗೆ' ಎನ್ನುವವರಿಗೆ ಅದರಲ್ಲಿ ದೋಷವೇ ಕಾಣದು, ಪರೀಕ್ಷೆಗೆ 'ದಿಸ್ ಮಾರ್ನಿಂಗ್' ಬೇಕು. ಮನೆಯಲ್ಲಿ, ಕಚೇರಿಯಲ್ಲಿ ಇವನ್ನು ಧಾರಾಳವಾಗಿ ಬಳಸಿ. ಆ 20 ನಿಮಿಷ ಮಾತ್ರ ಕಸಿನ್‌ನ ಬ್ರದರನ್ನು ಹೊರಗೆ ನಿಲ್ಲಿಸಿ.